ಆಮೆಯ ಕಣ್ಣು: ಗ್ವಾಟೆಮಾಲಾದ ಒಂದು ಕ್ರೋಶಾ ಆಟಿಕೆಯ ಪ್ರಕರಣ

2009ರ ಜನವರಿಯ ಒಂದು ಶನಿವಾರ. ಅಮೆರಿಕದ ಪೆನ್ಸಿಲ್ವೇನಿಯಾದ ನಮ್ಮೂರಿನ ಚರ್ಚೊಂದು ನಡೆಸುತ್ತಿದ್ದ ಪುಟ್ಟ ಫೇರ್ ಟ್ರೇಡ್ ಅಂಗಡಿಯಲ್ಲಿ, ಎಂದರೆ ಮಾಡಿದವರಿಗೆ ನ್ಯಾಯದ ಬೆಲೆ ಕೊಟ್ಟು ತಂದ ವಸ್ತು ಮಾರುವ ಅಂಗಡಿಯಲ್ಲಿ, ಬೆಲೆಚೀಟಿ ಕಟ್ಟುತ್ತ ಕೂತಿದ್ದೆ. ವಾರಕ್ಕೊಂದು ಮಧ್ಯಾಹ್ನ ಅಲ್ಲಿ ಸಂಬಳವಿಲ್ಲದ ಕೆಲಸ ನನ್ನದು. ಕೈಯಲ್ಲಿದ್ದದ್ದು ಅಂಗೈಯಗಲದ ಕ್ರೋಶಾ ಆಮೆ, ಒಂದೇ ಕೊಕ್ಕೆಕಡ್ಡಿಯಿಂದ ನೂಲು ಹೆಣೆದು ಮಾಡಿದ್ದು. ಹಸಿರು ಮೈ, ಚಿಪ್ಪಿನ ಮೇಲೆ ಕೆಂಪು, ನೇರಳೆ, ಹಳದಿಯ ಸುತ್ತುಗಳು. ಚೀಟಿಯ ದಾರ ಸಿಕ್ಕಿಸಲು ಕತ್ತಿನ ಹತ್ತಿರ ಸ್ವಲ್ಪ ಎಳೆದೆ. ಎಡಗಣ್ಣಿನ ಕಪ್ಪು ಮಣಿ ಕಿತ್ತು ನನ್ನ ಮಡಿಲಿಗೆ ಬಿತ್ತು.

ಆ ಮಣಿಯ ಹಿಂದೆ ಆರು ತಿಂಗಳು ಓಡಾಡಿದ್ದರ ದಾಖಲೆ ಇದು. ಫೇರ್ ಟ್ರೇಡ್ ಅಂದರೆ ಬೆಲೆ ಎಷ್ಟು ಕೊಟ್ಟರು ಎಂಬ ಲೆಕ್ಕ ಅಂತಲೇ ಅಲ್ಲಿಯವರೆಗೆ ನಾನು ತಿಳಿದಿದ್ದೆ. ಎಲ್ಲ ಸರಿಯಾಗಿ ನಡೆಯುವಾಗ ಒಳ್ಳೆಯ ಬೆಲೆ ಕೊಡುವುದು ಕಷ್ಟವಲ್ಲ. ಏನೋ ಎಡವಟ್ಟಾದಾಗ ನಷ್ಟ ಯಾರ ತಲೆಗೆ ಬರುತ್ತದೆ ಎಂಬುದನ್ನು ಆ ಆಮೆ ತೋರಿಸಿತು.

ಹೆಣೆದವರು

ಆಮೆಗಳು ಬಂದದ್ದು ಗ್ವಾಟೆಮಾಲಾದ ಪಶ್ಚಿಮದ ಬೆಟ್ಟಸೀಮೆಯಿಂದ, ಅತಿತ್ಲಾನ್ ಸರೋವರದ ಮೇಲಿನ ಒಂದು ಹಳ್ಳಿಯಿಂದ. ಅಲ್ಲಿಯ ಮನೆಮಾತು ಕಕ್ಚಿಕೆಲ್, ಆ ದೇಶದಲ್ಲಿ ಇಂದೂ ಆಡುವ ಇಪ್ಪತ್ತಕ್ಕೂ ಹೆಚ್ಚು ಮಾಯಾ ಭಾಷೆಗಳಲ್ಲಿ ಒಂದು. ಮಾಯಾ ಎಂದರೆ ಕಾಡಿನ ನಡುವೆ ಪಾಳುಬಿದ್ದ ಪಿರಮಿಡ್ಡು ಎಂದಷ್ಟೇ ನಮ್ಮ ಪಠ್ಯಪುಸ್ತಕಗಳು ಕಲಿಸಿದ್ದವು. 2018ರ ಜನಗಣತಿಯಲ್ಲಿ ಗ್ವಾಟೆಮಾಲಾದ ಪ್ರತಿ ನೂರರಲ್ಲಿ ಸುಮಾರು 42 ಜನ ತಾವು ಮಾಯಾ ಎಂದು ಬರೆಸಿದ್ದಾರೆ.

ಅಲ್ಲಿಯ ಹೆಂಗಸರ ಗುಂಪುಗಳು ಹುಟ್ಟಿದ ಹಿನ್ನೆಲೆಯನ್ನು ಬಿಟ್ಟು ಈ ಪ್ರಕರಣ ಹೇಳಲಾಗದು. 1960ರಿಂದ 1996ರವರೆಗೆ ಆ ದೇಶದಲ್ಲಿ ಅಂತರ್ಯುದ್ಧ ನಡೆಯಿತು. ವಿಶ್ವಸಂಸ್ಥೆಯ ನೆರವಿನ ಸತ್ಯಶೋಧನಾ ಆಯೋಗ 1999ರಲ್ಲಿ ಕೊಟ್ಟ ವರದಿಯ ಪ್ರಕಾರ ಸತ್ತವರು, ಕಾಣೆಯಾದವರು ಎರಡು ಲಕ್ಷಕ್ಕೂ ಹೆಚ್ಚು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ. ಗಂಡಂದಿರನ್ನು ಕಳೆದುಕೊಂಡ ಹೆಂಗಸರು ಕೈಗೆ ಬಂದ ವಿದ್ಯೆಯನ್ನೇ ಹಿಡಿದು ಒಟ್ಟುಗೂಡಿದರು. 1988ರಲ್ಲಿ ಶುರುವಾದ ತ್ರಾಮಾ ತೆಕ್ಸ್‌ತಿಲೆಸ್, 1989ರ ಮಾಯನ್ ಹ್ಯಾಂಡ್ಸ್‌ನಂಥ ಸಂಸ್ಥೆಗಳು ಆ ಹೊತ್ತಿನವು. ನಮಗೆ ಆಮೆ ಮಾಡಿಕೊಟ್ಟ ಗುಂಪು ಇವುಗಳ ಮುಂದೆ ತೀರಾ ಚಿಕ್ಕದು. ಇಪ್ಪತ್ತನಾಲ್ಕು ಹೆಂಗಸರು, ಸ್ಪ್ಯಾನಿಷ್ ಓದುಬರಹ ಬಲ್ಲ ಒಬ್ಬ ಕಾರ್ಯದರ್ಶಿ, ಅಷ್ಟೇ.

ಅವರ ಮೂಲ ವಿದ್ಯೆ ಕ್ರೋಶಾ ಅಲ್ಲ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ನೆಲದ ಮೇಲೆ ಕೂತು ನೇಯುವ ಮಗ್ಗ. ಮಗ್ಗದ ಒಂದು ತುದಿ ಮರಕ್ಕೋ ಕಂಬಕ್ಕೋ, ಇನ್ನೊಂದು ತುದಿ ನೇಯುವವಳ ಮೈಗೇ; ಹಿಂದಕ್ಕೆ ವಾಲಿದರೆ ಹಾಸು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಒಂದು ಕಸೂತಿಯ ಉಯಿಪಿಲ್, ಎಂದರೆ ಅವರ ರವಿಕೆ, ನೇಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಪ್ರವಾಸಿಗಳು ಅದಕ್ಕೆ ತಕ್ಕ ಬೆಲೆ ಕೊಡುವುದು ಅಪರೂಪ. ಕ್ರೋಶಾ ಯುರೋಪಿನಿಂದ ಬಂದದ್ದು; ಬಂದ ಮೇಲೆ ಅಲ್ಲಿಯದೇ ಆಯಿತು. ತೋದೋಸ್ ಸಾಂತೋಸ್ ಎಂಬ ಊರಿನಲ್ಲಿ ಹೆಗಲಚೀಲವನ್ನು ಗಂಡಸರೇ ಹೆಣೆಯುತ್ತಾರೆ. ಅಮೆರಿಕದ ಕಾಲೇಜು ಹುಡುಗರು ಕಾಲಲ್ಲಿ ಚಿಮ್ಮಿ ಆಡುವ ಹ್ಯಾಕಿಸ್ಯಾಕ್ ಎಂಬ ಪುಟ್ಟ ಚೆಂಡು 1970ರ ದಶಕದಲ್ಲಿ ಆರೆಗಾನ್‌ನಲ್ಲಿ ಹುಟ್ಟಿತು; ಅದರ ಬಣ್ಣದ ಕ್ರೋಶಾ ರೂಪ ಲೋಕಕ್ಕೆಲ್ಲ ಪರಿಚಯವಾದದ್ದು ಗ್ವಾಟೆಮಾಲಾದ ಕೈಗಳಿಂದ. ಕ್ರೋಶಾಕ್ಕೆ ಮಗ್ಗ ಬೇಡ, ಒಂದೇ ಕಡೆ ಕೂರಬೇಕಾಗಿಲ್ಲ. ಕಡ್ಡಿ ಮತ್ತು ನೂಲುಂಡೆ ಕೈಯಲ್ಲಿದ್ದರೆ ಮೆಕ್ಕೆಜೋಳ ಬೇಯುವಷ್ಟರಲ್ಲಿ ಎರಡು ಸುತ್ತು ಮುಗಿಯುತ್ತದೆ. ಮಲೆನಾಡಿನ ಸಾಗರದ ನಮ್ಮ ಮನೆಯಲ್ಲೂ ಹಾಗೇ. ಅಮ್ಮ ಕುಕ್ಕರಿನ ಮೂರು ಸೀಟಿಯ ನಡುವೆ ಟೀವಿ ಮುಚ್ಚುವ ಬಟ್ಟೆಗೆ ಅಂಚು ಹಾಕುತ್ತಿದ್ದಳು.

ಆರ್ಡರು

ಆಮದು ಮಾಡುತ್ತಿದ್ದವರು ಒಂದು ಚಿಕ್ಕ ಸಂಸ್ಥೆ. ಅದರ ಹೆಸರು ಇಲ್ಲಿ ಬೇಡ. ನಮ್ಮಂಥ ಐದು ಅಂಗಡಿಗಳ ಪರವಾಗಿ ಅವರು 2008ರ ಸೆಪ್ಟೆಂಬರಿನಲ್ಲಿ 240 ಆಮೆಗಳಿಗೆ ಆರ್ಡರು ಕೊಟ್ಟರು. ತಲೆಗೆ ಹತ್ತು ಆಮೆ. ನೂಲಿನ ಹಣ ಬೇರೆ. ಕೂಲಿ ಆಮೆಯೊಂದಕ್ಕೆ 26 ಕೆತ್ಸಾಲ್. ಕೆತ್ಸಾಲ್ ಅವರ ನಾಣ್ಯ, ಆಗ ಡಾಲರಿಗೆ ಸುಮಾರು ಎಂಟು. ಅರ್ಧ ಮುಂಗಡ, ಉಳಿದರ್ಧ ಮಾಲು ತಲುಪಿದ ಮೇಲೆ. ನಮ್ಮ ಅಂಗಡಿಯ ಮಾರಾಟದ ಬೆಲೆ 18 ಡಾಲರು.

ಮಾದರಿ ಕಳಿಸಿದ್ದು ಆಮದುದಾರರೇ, ಅಚ್ಚುಹಾಕಿಸಿದ ಒಂದು ಹಾಳೆ. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಚುಕ್ಕಿ ಇದ್ದವೇ ಹೊರತು ಅದನ್ನು ಯಾವುದರಿಂದ ಮಾಡಬೇಕೆಂದು ಬರೆದಿರಲಿಲ್ಲ. ಹೆಂಗಸರು ಸೊಲೊಲಾದ ಸಂತೆಯಲ್ಲಿ ಮಣಿ ಕೊಂಡು ಹೊಲಿದರು. ಒಳಗೆ ಏನು ತುಂಬಬೇಕೆಂದೂ ಬರೆದಿರಲಿಲ್ಲ. ನೇಯ್ದು ಉಳಿದ ನೂಲಿನ ತುಂಡುಗಳನ್ನು ತುಂಬಿದರು. ಯಾವ ಜಾಣ ಗೃಹಿಣಿಯೂ ಮಾಡುವ ಕೆಲಸ. ಚಿಪ್ಪಿನ ಬಣ್ಣದ ಸುತ್ತುಗಳು ಮಾತ್ರ ಹಾಳೆಯಲ್ಲಿರಲೇ ಇಲ್ಲ. ಅವು ಅವರ ಊರಿನ ಉಯಿಪಿಲ್‌ನ ಬಣ್ಣಗಳು. ಗಿರಾಕಿಗಳು ಆಮೆಯನ್ನು ಕೈಗೆತ್ತಿಕೊಳ್ಳುತ್ತಿದ್ದದ್ದು ಆ ಚಿಪ್ಪನ್ನು ನೋಡಿ.

ಕಾನೂನು

ಈಗ ಹಿಂದೆ ಹೋಗಬೇಕು. 2007ರಲ್ಲಿ ಅಮೆರಿಕದಲ್ಲಿ ಮ್ಯಾಟೆಲ್‌ನಂಥ ದೊಡ್ಡ ಕಂಪನಿಗಳ ಲಕ್ಷಾಂತರ ಆಟಿಕೆಗಳ ಬಣ್ಣದಲ್ಲಿ ಸೀಸ ಸಿಕ್ಕಿ, ಅವನ್ನೆಲ್ಲ ಅಂಗಡಿಗಳಿಂದ ವಾಪಸು ಪಡೆಯಬೇಕಾಯಿತು. ತಾಯಂದಿರು ಕೆರಳಿದರು, ನ್ಯಾಯವಾಗಿಯೇ. ಸೀಸ ಮಗುವಿನ ಮಿದುಳಿಗೆ ಮಾಡುವ ಹಾನಿ ಮರಳಿ ಸರಿಹೋಗುವಂಥದ್ದಲ್ಲ. 2008ರ ಆಗಸ್ಟ್ 14ರಂದು ಹೊಸ ಕಾನೂನಿಗೆ ಅಧ್ಯಕ್ಷರ ಸಹಿ ಬಿತ್ತು. ಹನ್ನೆರಡು ವರ್ಷದವರೆಗಿನ ಮಕ್ಕಳ ವಸ್ತುಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 600 ಭಾಗಕ್ಕಿಂತ ಹೆಚ್ಚಿರಕೂಡದು. ಈ ಮಿತಿ 2009ರ ಫೆಬ್ರವರಿ 10ರಿಂದ ಜಾರಿ, ಆಮೇಲೆ 300ಕ್ಕೆ, 2011ರಲ್ಲಿ 100ಕ್ಕೆ ಇಳಿಕೆ. ಕಪಾಟಿನಲ್ಲಿ ಆಗಲೇ ಇರುವ ಹಳೆಯ ಮಾಲಿಗೂ ಇದು ಅನ್ವಯ. ಪ್ರಯೋಗಾಲಯದ ಪರೀಕ್ಷೆ ಕಡ್ಡಾಯ. ಲಕ್ಷ ಗೊಂಬೆ ಎರಕ ಹೊಯ್ಯುವ ಕಾರ್ಖಾನೆಗೆ ಪರೀಕ್ಷೆಯ ಖರ್ಚು ಗೊಂಬೆಗೆ ಒಂದು ಕಾಸೂ ತಾಗದು. ಹತ್ತು ಆಮೆ ಹೆಣೆಯುವವಳಿಗೆ ಅದೇ ಖರ್ಚು ವರ್ಷದ ದುಡಿಮೆಯನ್ನೇ ನುಂಗುತ್ತದೆ. ದೇಶದ ಉದ್ದಗಲಕ್ಕೂ ಕೈಯಿಂದ ಆಟಿಕೆ ಮಾಡುವವರು ಕೂಗೆಬ್ಬಿಸಿದರು. ಜನವರಿ 30ರಂದು ಗ್ರಾಹಕ ಸುರಕ್ಷತಾ ಆಯೋಗ ಹಲವು ಪರೀಕ್ಷೆಗಳ ಕಡ್ಡಾಯವನ್ನು ಒಂದು ವರ್ಷ ಮುಂದೂಡಿತು. ಮಿತಿ ಮಾತ್ರ ಹಾಗೇ ಉಳಿಯಿತು. ಪರೀಕ್ಷೆ ಮಾಡಿಸದಿದ್ದರೂ ನಡೆದೀತು, ಮಿತಿ ಮೀರಿದ ವಸ್ತು ಮಾರಿದರೆ ತಪ್ಪು. ಆ ಕಪ್ಪು ಮಣಿಯ ಬಣ್ಣದಲ್ಲಿ ಏನಿತ್ತೋ ಯಾರಿಗೆ ಗೊತ್ತು?

ಸೀಸದ ಮಾತು ಒತ್ತಟ್ಟಿಗಿರಲಿ. ಮಣಿ ಕಿತ್ತು ಬಂದದ್ದು ಅದಕ್ಕಿಂತ ಹಳೆಯ ತಪ್ಪು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಿಂದ ಚಿಕ್ಕ ಭಾಗ ಕಳಚಬಾರದೆಂಬ ನಿಯಮ ಅಲ್ಲಿ 1980ರಿಂದ ಇದೆ. ಅದಕ್ಕೊಂದು ಅಳತೆಯ ಕೊಳವೆಯೂ ಇದೆ, ಒಳವ್ಯಾಸ 31.7 ಮಿಲಿಮೀಟರು, ಹೆಚ್ಚುಕಡಿಮೆ ಪುಟ್ಟ ಮಗುವಿನ ಗಂಟಲಷ್ಟು. ಕಳಚಿದ ಭಾಗ ಅದರೊಳಗೆ ಪೂರ್ತಿ ಇಳಿದರೆ ಆಟಿಕೆ ಮಾರುವಂತಿಲ್ಲ. ‘ಮೂರು ವರ್ಷ ಮೇಲ್ಪಟ್ಟವರಿಗೆ’ ಎಂದು ಚೀಟಿ ಅಂಟಿಸಿ ಪಾರಾಗೋಣ ಎಂದರೆ, ಮೆತ್ತನೆಯ ಆಮೆಯನ್ನು ಯಾರೂ ಏಳು ವರ್ಷದ ಹುಡುಗನಿಗೆಂದು ಕೊಳ್ಳುವುದಿಲ್ಲ. ಅದು ತೊಟ್ಟಿಲಿಗೇ ಹೋಗುವುದು. ಇನ್ನೊಂದು ತೊಡಕು ನಮ್ಮ ರಾಜ್ಯದ್ದೇ. ಪೆನ್ಸಿಲ್ವೇನಿಯಾದಲ್ಲಿ ಒಳಗೆ ತುಂಬಿದ ಆಟಿಕೆಗೆ ನೋಂದಣಿ ಬೇಕು, ತುಂಬಿದ್ದು ಹೊಸ ವಸ್ತುವಾಗಿರಬೇಕು. ಮಗ್ಗದ ಕೆಳಗಿನ ಚೂರು ನೂಲು ಅದಕ್ಕೆ ಹೊಂದುವುದಿಲ್ಲ.

ಆಮೆಗಳನ್ನು ಕಪಾಟಿನಿಂದ ಇಳಿಸಿದೆವು. ಅಷ್ಟರಲ್ಲಿ ಐದು ಅಂಗಡಿಗಳಿಂದ ಒಂಬತ್ತು ಮಾರಿಹೋಗಿದ್ದವು.

ನಷ್ಟ ಯಾರದು

ಫೆಬ್ರವರಿ ಮೊದಲ ವಾರ ಆಮದುದಾರರ ಮಿಂಚಂಚೆ ಬಂತು. ಮಾಲು ಮಾರಾಟಕ್ಕೆ ಯೋಗ್ಯವಲ್ಲ; ಆದ್ದರಿಂದ ಗುಂಪಿಗೆ ಉಳಿದರ್ಧ ಹಣ ಕೊಡುವುದಿಲ್ಲ; ಕೊಟ್ಟ ಮುಂಗಡವನ್ನು ಮುಂದಿನ ಆರ್ಡರಿನಲ್ಲಿ ಮುರಿದುಕೊಳ್ಳುತ್ತೇವೆ. ಓದಿದಾಗ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಆದರೂ ಅವರ ಪಾಡನ್ನು ಹೇಳದಿದ್ದರೆ ತಪ್ಪಾದೀತು. ಗಂಡಹೆಂಡತಿ ಇಬ್ಬರೇ ನಡೆಸುತ್ತಿದ್ದ ಸಂಸ್ಥೆ. 2008ರ ಹಣಕಾಸು ಕುಸಿತದಲ್ಲಿ ಅಂಗಡಿಗಳು ಒಂದೊಂದಾಗಿ ಕೊಳ್ಳುವುದನ್ನು ನಿಲ್ಲಿಸಿದ್ದವು. ಅವರೂ ಹೆದರಿದ್ದರು.

ನಮ್ಮ ಅಂಗಡಿಯ ಉಸ್ತುವಾರಿ ನೋಡುತ್ತಿದ್ದ ಹಿರಿಯರೊಬ್ಬರು ಎರಡು ತಾರೀಖುಗಳನ್ನು ಹಾಳೆಯ ಮೇಲೆ ಒಂದರ ಕೆಳಗೊಂದು ಬರೆದರು. ಕಾನೂನಿಗೆ ಸಹಿ ಆದದ್ದು ಆಗಸ್ಟ್ 14. ಆರ್ಡರು ಹೋದದ್ದು ಸೆಪ್ಟೆಂಬರ್. ನಿಯಮ ತಿಳಿದಿರಬೇಕಾದವರು ಇಲ್ಲಿದ್ದರು. ಕಣ್ಣು ಹೇಗಿರಬೇಕು, ಒಳಗೆ ಏನಿರಬೇಕು ಎಂದು ಬರೆಯದೆ ಹಾಳೆ ಕಳಿಸಿದವರೂ ಇಲ್ಲೇ ಇದ್ದರು. ಕೊಳ್ಳುವ ಮುಂಚೆ ಒಂದು ಮಾದರಿ ತರಿಸಿ ಎಳೆದು ನೋಡದ ಐದು ಅಂಗಡಿಗಳಲ್ಲಿ ನಮ್ಮದೂ ಒಂದು. ಬೆಟ್ಟದ ಮೇಲಿದ್ದವರು ಹೇಳಿದ್ದನ್ನು ಹೇಳಿದ ದಿನಕ್ಕೆ ಮಾಡಿ ಕಳಿಸಿದ್ದರು.

ವಿಶ್ವ ಫೇರ್ ಟ್ರೇಡ್ ಸಂಸ್ಥೆಯ ಹತ್ತು ತತ್ವಗಳಲ್ಲಿ ಮೂರನೆಯದು ಇದೇ ವಿಷಯದ್ದು. ಕರಕುಶಲ ವಸ್ತು ಮಾಡುವವರು ಕೇಳಿದರೆ ಬಡ್ಡಿಯಿಲ್ಲದ ಮುಂಗಡ ಕೊಡಬೇಕು. ಮಾಡುವವರ ತಪ್ಪಿಲ್ಲದೆ ಆರ್ಡರು ರದ್ದಾದರೆ, ಆಗಲೇ ಮಾಡಿದ ಕೆಲಸಕ್ಕೆ ತಕ್ಕ ಪರಿಹಾರ ಕೊಡಬೇಕು. ನಮ್ಮ ಅಂಗಡಿಯ ಬಾಗಿಲ ಪಕ್ಕ ಈ ಹತ್ತೂ ತತ್ವಗಳನ್ನು ಚೌಕಟ್ಟು ಹಾಕಿಸಿ ತೂಗುಹಾಕಿತ್ತು. ಎರಡು ವರ್ಷ ಅದರ ಧೂಳು ಒರೆಸಿದ್ದೆ. ಮೂರನೆಯದನ್ನು ನಿಂತು ಓದಿದ್ದು ಅವತ್ತೇ.

ಎಷ್ಟು ಹಣದ ಜಗಳವಿದು? 240 ಆಮೆ, ಒಂದಕ್ಕೆ 26 ಕೆತ್ಸಾಲ್, ಒಟ್ಟು 6,240. ಉಳಿದರ್ಧ 3,120, ಎಂದರೆ ಸುಮಾರು 390 ಡಾಲರು. ಐದು ಅಂಗಡಿಗೆ ಹಂಚಿದರೆ ತಲಾ 78. ನಮ್ಮ ಕಡೆ ಅದು ಒಂದು ರಾತ್ರಿ ನಾಲ್ಕು ಜನ ಹೋಟೆಲಿನಲ್ಲಿ ಉಂಡರೆ ಮುಗಿಯುವ ದುಡ್ಡು. ಆ ಕಡೆ ಒಬ್ಬೊಬ್ಬಳಿಗೆ ಬರಬೇಕಾದ 130 ಕೆತ್ಸಾಲ್ ಎರಡೂವರೆ ದಿನದ ಕೂಲಿ. 2009ರಲ್ಲಿ ಅಲ್ಲಿಯ ಕನಿಷ್ಠ ದಿನಗೂಲಿ 52 ಕೆತ್ಸಾಲ್ ಇತ್ತು.

ಆ ಲೆಕ್ಕ ಬರೆಯುವಾಗಲೇ ಇನ್ನೊಂದು ಹುಳುಕು ಕಣ್ಣಿಗೆ ಬಿತ್ತು. ಎಂಟು ಗಂಟೆಗೆ 52 ಅಂದರೆ ಗಂಟೆಗೆ ಆರೂವರೆ. ನಾವು ‘ನ್ಯಾಯದ ಬೆಲೆ’ ಎಂದು ಚೀಟಿಯಲ್ಲಿ ಬರೆದ 26 ಕೆತ್ಸಾಲ್ ನಾಲ್ಕು ಗಂಟೆಯ ಕನಿಷ್ಠ ಕೂಲಿ. ಆಮೆಯೊಂದಕ್ಕೆ ನಾಲ್ಕೇ ಗಂಟೆ ಸಾಕೇ? ಮನೆಯಲ್ಲಿ ಕೂತು ಅದೇ ಹಾಳೆ ನೋಡಿಕೊಂಡು ಹೆಣೆದೆ. ಮೊದಲನೆಯದಕ್ಕೆ ಐದು ಗಂಟೆ ನಲವತ್ತು ನಿಮಿಷ. ಕೈ ಪಳಗಿದ ಮೇಲೆ ಮೂರನೆಯದಕ್ಕೆ ಐದು ಗಂಟೆ. ಗುಂಪಿನ ಕಾರ್ಯದರ್ಶಿಗೆ ಬರೆದು ಕೇಳಿಸಿದಾಗಲೂ ಐದು ಎಂದೇ ಉತ್ತರ ಬಂತು. ಐದನೆಯ ಗಂಟೆಯನ್ನು ಅವರು ಸುಮ್ಮನೆ ಕೊಡುತ್ತಿದ್ದರು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಕ್ರೋಶಾದ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದ ಮಾತೊಂದಿದೆ. ನೇಯ್ಗೆಗೆ ಯಂತ್ರವಿದೆ, ಎರಡು ಕಡ್ಡಿಯ ಸ್ವೆಟರ್ ಹೆಣಿಗೆಗೂ ಇದೆ. ನಿಜವಾದ ಕ್ರೋಶಾ ಹೊಲಿಗೆ ಹಾಕಿ ರಾಶಿಗಟ್ಟಲೆ ಮಾಲು ಕೊಡುವ ಯಂತ್ರ ಇನ್ನೂ ಕಾರ್ಖಾನೆಗೆ ಬಂದಿಲ್ಲ. ಯಂತ್ರದ್ದೆಂದು ಬರುವುದು ಅದರ ಹೋಲಿಕೆಯ ಜಾಲರಿ. ಆದ್ದರಿಂದ ದೊಡ್ಡ ಅಂಗಡಿಯಲ್ಲಿ ಐದು ಡಾಲರಿಗೆ ಕ್ರೋಶಾ ಗೊಂಬೆ ಕಂಡರೆ ಅದನ್ನೂ ಯಾರದೋ ಕೈ ಹೆಣೆದಿದೆ. ಯಂತ್ರದಿಂದ ಅಗ್ಗವಾಯಿತು ಎಂದು ಸಮಾಧಾನ ಪಟ್ಟುಕೊಳ್ಳಲು ಅಲ್ಲಿ ದಾರಿಯೇ ಇಲ್ಲ.

ಏನು ಮಾಡಿದೆವು

ಐದೂ ಅಂಗಡಿಯವರು ಫೋನಿನಲ್ಲಿ ಒಟ್ಟಿಗೆ ಕೂತರು. ಮೊದಲು ಬಂದ ಸಲಹೆ, ಆಮೆಗಳನ್ನು ಗುಂಡುಸೂಜಿ ಚುಚ್ಚುವ ದಿಂಬು ಎಂದು ಮಾರೋಣ, ಆಟಿಕೆಯ ಕಾನೂನು ತಾಗುವುದಿಲ್ಲ ಎಂಬುದು. ನಾನು ಬೇಡವೆಂದೆ. ಚೀಟಿಯಲ್ಲಿ ಏನೇ ಬರೆದರೂ ಮಗುವಿಗೆ ಅದು ಆಮೆಯೇ. ಮಗುವಿಗೆಂದು ಕಾಣುವ ವಸ್ತುವನ್ನು ಆಯೋಗವೂ ಮಗುವಿನದೆಂದೇ ಎಣಿಸುತ್ತದೆ. ಎರಡನೆಯ ಸಲಹೆ ಹಿಂದಕ್ಕೆ ಕಳಿಸುವುದು. ಸಾಗಣೆ ಖರ್ಚು ಕೂಲಿಗಿಂತ ಹೆಚ್ಚಾಗುತ್ತಿತ್ತು.

ಕೊನೆಗೆ ತೀರ್ಮಾನವಾದದ್ದು ಹೀಗೆ: ಉಳಿದ 3,120 ಕೆತ್ಸಾಲನ್ನು ಗುಂಪಿಗೆ ಪೂರ್ತಿ ಕೊಡುವುದು, ಅರ್ಧ ಆಮದುದಾರರದು, ಅರ್ಧ ಅಂಗಡಿಗಳದು. ಮುಂಗಡ ಮುರಿದುಕೊಳ್ಳುವಂತಿಲ್ಲ. ಆಮೆಗಳನ್ನು ನಾವೇ ಇಲ್ಲಿ ಸರಿಮಾಡುವುದು. ನೋಂದಣಿ ಆಮದುದಾರರ ಹೊಣೆ. ಮಾರಿಹೋದ ಒಂಬತ್ತಕ್ಕೆ ಅಂಗಡಿಯ ಬಾಗಿಲಿಗೂ ಚರ್ಚಿನ ಪತ್ರಿಕೆಗೂ ಸೂಚನೆ ಹಾಕಿದೆವು. ಏಳು ವಾಪಸು ಬಂದವು. ಎರಡು ಬರಲೇ ಇಲ್ಲ.

ರಿಪೇರಿಗೆ ನಮ್ಮೂರ ಕನ್ನಡ ಗೆಳತಿಯರು ನಾಲ್ವರು ಜೊತೆಯಾದರು. ಅಮ್ಮನಿಗೆ ಫೋನು ಮಾಡಿ ಕಣ್ಣು ಹೇಗೆ ಹಾಕಲಿ ಎಂದು ಕೇಳಿದೆ. “ಮಣಿ ಯಾಕೆ ಹೊಲಿಯೋಕೆ ಹೋಗ್ತೀಯೇ? ಕರಿ ದಾರದಲ್ಲೇ ಗಂಟುಹೊಲಿಗೆ ಹಾಕು. ಮಗು ಕಚ್ಚಿದ್ರೂ ಬರಬಾರದು, ಹಾಗೆ ಒಳಗಡೆಯಿಂದ ಎರಡು ಸಲ ಬಿಗಿ ಮಾರಾಯ್ತಿ” ಎಂದಳು. ಹೊಟ್ಟೆಯ ಕಡೆ ಹೊಲಿಗೆ ಬಿಚ್ಚಿ, ಚೂರುನೂಲು ತೆಗೆದು, ಹೊಸ ಪಾಲಿಯೆಸ್ಟರ್ ತುಂಬಿ, ಮುಚ್ಚಿ, ಕಣ್ಣು ಕಸೂತಿ ಮಾಡಲು ಆಮೆಗೆ ನಲವತ್ತು ನಿಮಿಷ. 238 ಆಮೆಗೆ ಒಟ್ಟು ನೂರೈವತ್ತೆಂಟು ಗಂಟೆ ಮೇಲಾಯಿತು. ಮಾರ್ಚಿನಿಂದ ಮೇವರೆಗೆ ನಮ್ಮ ಮನೆಯ ಊಟದ ಮೇಜಿನ ತುಂಬ ಹೊಟ್ಟೆ ಬಿಚ್ಚಿದ ಆಮೆಗಳೇ.

ಬಿಚ್ಚುವಾಗ ಅವರ ಕೆಲಸ ಒಳಗಿನಿಂದ ಕಂಡಿತು. ಹೊಲಿಗೆಗಳು ಎಷ್ಟು ಬಿಗಿ, ಎಷ್ಟು ಸಮ ಎಂದರೆ ಕತ್ತರಿಯ ತುದಿ ತೂರಿಸಲು ಜಾಗ ಹುಡುಕಬೇಕಿತ್ತು. ಬಣ್ಣ ಬದಲಾದಲ್ಲಿ ಹಳೆಯ ದಾರದ ಬಾಲವನ್ನು ಮುಂದಿನ ಆರು ಹೊಲಿಗೆಯೊಳಗೆ ಹುದುಗಿಸಿ ಮುಗಿಸಿದ್ದರು. ಇಷ್ಟು ಬಲ್ಲವರಿಗೆ ಕಣ್ಣು ಭದ್ರವಾಗಿರಬೇಕೆಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಕಣ್ಣಿನ ಮಣಿ ಹೋದದ್ದರಿಂದ ಇನ್ನೊಂದು ಗಂಟೂ ತಾನಾಗಿ ಬಿಚ್ಚಿಕೊಂಡಿತು. 2009ರ ಆಗಸ್ಟಿನಲ್ಲಿ ಆಯೋಗ ಬಣ್ಣ ಹಾಕಿದ ಬಟ್ಟೆ, ನೂಲುಗಳಲ್ಲಿ ಸೀಸ ಮಿತಿ ಮೀರುವುದಿಲ್ಲವೆಂದು ತೀರ್ಮಾನಿಸಿ ಅವನ್ನು ಸೀಸದ ಪರೀಕ್ಷೆಯಿಂದ ಬಿಟ್ಟಿತು. ಬರೀ ನೂಲಾಗಿ ಉಳಿದ ಆಮೆಗೆ ಆ ಖರ್ಚೇ ಇಲ್ಲವಾಯಿತು. 2011ರ ತಿದ್ದುಪಡಿಯಲ್ಲಿ, ವರ್ಷಕ್ಕೆ ಒಂದೇ ವಸ್ತುವನ್ನು 7,500ಕ್ಕಿಂತ ಹೆಚ್ಚು ಮಾಡದ, ಹತ್ತು ಲಕ್ಷ ಡಾಲರಿನೊಳಗಿನ ವಹಿವಾಟಿನ ಸಣ್ಣ ತಯಾರಕರಿಗೆ ಕೆಲವು ಪರೀಕ್ಷೆಗಳಲ್ಲಿ ರಿಯಾಯಿತಿಯೂ ಸಿಕ್ಕಿತು.

ನಮ್ಮ ದೇಶದಲ್ಲೂ ಇದೇ ಪ್ರಶ್ನೆ ಆಮೇಲೆ ಎದ್ದಿತು. 2021ರ ಜನವರಿ 1ರಿಂದ ಭಾರತದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ, ನೋಂದಾಯಿತ ಕುಶಲಕರ್ಮಿಗಳನ್ನೂ ಚನ್ನಪಟ್ಟಣದ ಬೊಂಬೆಗಳಂಥ ಭೌಗೋಳಿಕ ಗುರುತಿನ ಆಟಿಕೆಗಳನ್ನೂ ಅದರಿಂದ ಹೊರಗಿಟ್ಟರು. ಅದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ಆದರೆ ವಿನಾಯಿತಿ ಸಿಕ್ಕಿತೆಂದು ಕಣ್ಣು ಎಳೆದು ನೋಡುವುದನ್ನು ಬಿಡಬಾರದು. ಮಗುವಿನ ಗಂಟಲಿಗೆ ವಿನಾಯಿತಿ ಇಲ್ಲ.

ಆಮೇಲೆ

ಹಣ ಗುಂಪಿಗೆ ತಲುಪಿದ್ದು ಜೂನಿನಲ್ಲಿ, ನಾಲ್ಕು ತಿಂಗಳು ತಡವಾಗಿ. ಅಷ್ಟರಲ್ಲಿ ಇಪ್ಪತ್ತನಾಲ್ವರಲ್ಲಿ ಏಳು ಮಂದಿ ಗುಂಪು ಬಿಟ್ಟು ಬಟಾಣಿ ತೋಟದ ಕೂಲಿಗೆ ಹೋಗಿದ್ದರು. ಕಾರ್ಯದರ್ಶಿ ಅದನ್ನು ದೂರಿನಂತೆ ಬರೆದಿರಲಿಲ್ಲ, ಇನ್ನು ಮುಂದೆ ಎಷ್ಟು ಆಮೆ ಆದೀತು ಎಂಬ ಲೆಕ್ಕದ ಭಾಗವಾಗಿ ಬರೆದಿದ್ದರು. ನಾವು ಸರಿಮಾಡಿದೆವು ಎಂದು ಬೀಗುವಾಗೆಲ್ಲ ಆ ಏಳು ಜನ ನನ್ನ ನೆನಪಿಗೆ ಬರುತ್ತಾರೆ.

ಎರಡನೆಯ ಆರ್ಡರಿಗೆ ಮುಂಚೆ ಒಂದು ಮಾದರಿ ತರಿಸಿದೆವು. ಕಣ್ಣು ಕಸೂತಿಯದು, ಒಳಗೆ ಹೊಸ ಫೈಬರ್, ಅದರ ಹಣ ನಮ್ಮದು. ಆರು ಗಂಟೆಯ ಕೆಲಸ. ಗುಂಪು 39 ಕೆತ್ಸಾಲ್ ಕೇಳಿತು, ಆಮದುದಾರರು 36ಕ್ಕೆ ನಿಂತರು. ನಾವು ಮಾರಾಟದ ಬೆಲೆಯನ್ನು 22 ಡಾಲರಿಗೆ ಏರಿಸಿದೆವು, ಗಿರಾಕಿಗಳು ಕಡಿಮೆಯಾಗಲಿಲ್ಲ. ಆ ಮೂರು ಕೆತ್ಸಾಲನ್ನೂ ಕೊಡಬಹುದಿತ್ತು.

ಚಿಪ್ಪಿನ ಬಣ್ಣಗಳ ವಿಷಯ ಆ ಮಾತುಕತೆಯಲ್ಲಿ ಬರಲೇ ಇಲ್ಲ. ಊರಿನ ಉಯಿಪಿಲ್‌ನ ವಿನ್ಯಾಸಕ್ಕೂ ಒಡೆತನ ಇದೆಯೆಂದು ನನಗಾಗಲಿ, ಅಂಗಡಿಯವರಿಗಾಗಲಿ ಹೊಳೆದಿರಲಿಲ್ಲ. 2016ರಲ್ಲಿ ಅಫೆದೆಸ್ ಎಂಬ ಮಾಯಾ ಮಹಿಳಾ ಸಂಘ ಮತ್ತು ನೇಕಾರ್ತಿಯರ ಚಳವಳಿ ತಮ್ಮ ವಿನ್ಯಾಸಗಳ ಸಾಮೂಹಿಕ ಹಕ್ಕಿಗಾಗಿ ಗ್ವಾಟೆಮಾಲಾದ ಸಂವಿಧಾನ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದನ್ನು ಓದಿದಾಗ, ನಮ್ಮ ಬೆಲೆಚೀಟಿಯಲ್ಲಿ ಇನ್ನೂ ಒಂದು ಸಾಲು ಬಿಟ್ಟುಹೋಗಿತ್ತೆಂದು ತಿಳಿಯಿತು.

ಕಾರ್ಯದರ್ಶಿ ಜೂನಿನಲ್ಲಿ ಬರೆದ ಆ ಕಾಗದದ ಕೊನೆಯಲ್ಲಿ ಒಂದು ಕೋರಿಕೆ ಇತ್ತು. ಚರ್ಚಿನಲ್ಲಿ ಸ್ಪ್ಯಾನಿಷ್ ಬಲ್ಲವರು ಅದನ್ನು ಎರಡು ಸಲ ಓದಿ ಹೇಳಿದರು. ಕಣ್ಣಿಗೆ ಹಾಕಿದ್ದ ಮಣಿಗಳು ನೂಲಿನ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಅವನ್ನು ಹೆಂಗಸರು ತಮ್ಮ ಕೈಯಿಂದ ಕೊಂಡಿದ್ದರು. ಬೇಡವಾಗಿದ್ದರೆ ವಾಪಸು ಕಳಿಸುವಿರಾ, ದೊಡ್ಡವರ ಸರಕ್ಕೆ ಆಗುತ್ತವೆ.

ಬಿಚ್ಚಿದ ಮಣಿಗಳನ್ನೆಲ್ಲ ಉಪ್ಪಿನಕಾಯಿಯ ಖಾಲಿ ಶೀಶೆಯಲ್ಲಿ ಹಾಕಿಟ್ಟಿದ್ದೆ. ಮೇಜಿನ ಮೇಲೆ ಸುರಿದು ಹತ್ತು ಹತ್ತಾಗಿ ಎಣಿಸಿದೆ. 238 ಆಮೆಗೆ 476 ಇರಬೇಕಿತ್ತು, 473 ಸಿಕ್ಕವು. ಮೇಜಿನ ಕೆಳಗೆ, ಪೆಟ್ಟಿಗೆಗಳ ಮೂಲೆಯಲ್ಲಿ, ಕಾರ್ಪೆಟ್ಟಿನ ಸಂದಿಯಲ್ಲಿ ಹುಡುಕಿದೆ. ಉಳಿದ ಮೂರು ಸಿಗಲಿಲ್ಲ. ಹೊಲಿಗೆ ಅಂಗಡಿಯಿಂದ ಅದೇ ಅಳತೆಯ ಮೂರು ಕಪ್ಪು ಮಣಿ ತಂದು ಸೇರಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿ, ಸೋಮವಾರ ಅಂಚೆಗೆ ಹಾಕಿ ಬಂದೆ.